ಹಡಗಿನಿಂದ ಇಳಿಯದ ಚಿಕ್ಕಪ್ಪ

ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯಲ್ಲಿ ನಮ್ಮ ಪಕ್ಕದ ಮನೆಯವರು ಚೀನೀ ಮೂಲದ ಹಿರಿಯ ಹೆಂಗಸು. ಮೊದಲು ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದರು, ಈಗ ನನ್ನ ಮಗಳಿಗೆ ಪಿಯಾನೊ ಹೇಳಿಕೊಡುತ್ತಾರೆ. ಅವರು ಹುಟ್ಟಿದ್ದು ಮೆಲ್ಬರ್ನ್‌ನಲ್ಲಿ, ಅವರಪ್ಪನೂ ಇಲ್ಲೇ ಹುಟ್ಟಿದವರು. ಚೀನೀ ಭಾಷೆ ನಾಲ್ಕು ಮಾತಿಗಿಂತ ಹೆಚ್ಚು ಬರುವುದಿಲ್ಲ. ನಾನು ಮಾಡಿದ ನೀರುದೋಸೆ ಮೊದಲ ಸಲ ತಿಂದ ದಿನ, ಅಪ್ಪ ಹೀಗೇ ಅಕ್ಕಿ ಹಿಟ್ಟನ್ನು ತೆಳ್ಳಗೆ ಹಬೆಯಲ್ಲಿ ಬೇಯಿಸಿ ಸುರುಳಿ ಸುತ್ತಿ ಕೊಡುತ್ತಿದ್ದರು ಎಂದು ಇನ್ನೊಂದು ಹಾಕಿಸಿಕೊಂಡರು. ನಮ್ಮ ಸ್ನೇಹ ಶುರುವಾದದ್ದು ಅಲ್ಲಿಂದ.

ಕಳೆದ ವರ್ಷ ಸಿಡ್ನಿಯ ನಾರ್ವೆಸ್ಟ್ ಹತ್ತಿರ ನನ್ನ ಭಾವ, ಗಂಡನ ಅಣ್ಣ, ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದರು. ಗಂಡನಿಗೆ ರಜೆ ಸಿಗಲಿಲ್ಲ. ವಿಷಯ ತಿಳಿದು ಪಕ್ಕದ ಮನೆಯವರು ಕೇಳಿದರು: "ನಾನೂ ಬರಲಾ? ಅಲ್ಲಿ ನೋಡಬೇಕಾದ ಒಂದು ಜಾಗ ಇದೆ. ಒಬ್ಬಳೇ ಹೋಗುವ ಧೈರ್ಯ ಬಂದಿಲ್ಲ."

ಇಬ್ಬರೂ ಹೋದೆವು. ಗೃಹಪ್ರವೇಶದ ಹಿಂದಿನ ದಿನ ಅವರು ನನ್ನನ್ನು ಕರೆದೊಯ್ದದ್ದು ಬಂದರಿನ ಒಂದು ಹಳೆಯ ಹಡಗುಕಟ್ಟೆಗೆ. ಈಗ ಅಲ್ಲಿ ಅಪಾರ್ಟ್‌ಮೆಂಟುಗಳು, ಕೆಫೆಗಳು. ಜನ ನಾಯಿ ಹಿಡಿದುಕೊಂಡು ಓಡಾಡುತ್ತಿದ್ದರು. ಅವರು ಕಂಬಿ ಹಿಡಿದು ನಿಂತು ನೀರನ್ನೇ ನೋಡುತ್ತ ಹೇಳಿದರು.

ಅವರಜ್ಜ ಮೆಲ್ಬರ್ನ್‌ನ ಹೊರವಲಯದಲ್ಲಿ ತರಕಾರಿ ಬೆಳೆಯುತ್ತಿದ್ದವರು. ಬಿಳಿಯರಲ್ಲದವರು ಈ ದೇಶದಲ್ಲಿ ನೆಲೆಯೂರಬಾರದೆಂಬ ಕಾನೂನಿದ್ದ ಕಾಲ ಅದು. ಅಜ್ಜನ ಹೆಂಡತಿಗೆ ಸ್ವಲ್ಪ ಕಾಲ ಇದ್ದು ಹೋಗಲು ಮಾತ್ರ ಅನುಮತಿ ಸಿಕ್ಕಿತ್ತು. ಅಷ್ಟರಲ್ಲಿ ಇಬ್ಬರು ಗಂಡುಮಕ್ಕಳು ಹುಟ್ಟಿದರು. ಅವಧಿ ಮುಗಿದಾಗ ಅಜ್ಜಿಯನ್ನು ಹಡಗು ಹತ್ತಿಸಿದರು. ದೊಡ್ಡ ಮಗ, ಅಂದರೆ ಇವರಪ್ಪ, ಅಜ್ಜನ ಬಳಿ ಉಳಿದರು. ಹಾಲು ಕುಡಿಯುವ ಚಿಕ್ಕ ಮಗು ತಾಯಿಯ ಜೊತೆ ಚೀನಾಕ್ಕೆ ಹೋಯಿತು.

ಆ ಮಗು ಬೆಳೆದು ಯುವಕನಾಗಿ, ತಾಯಿ ತೀರಿಕೊಂಡ ಮೇಲೆ, ತಂದೆಯ ಬಳಿಗೆಂದು ಹೊರಟು ಬಂತು. ಹಡಗು ಸಿಡ್ನಿಗೆ ಬಂತು. ಅಜ್ಜ, ಅಪ್ಪ ಇಬ್ಬರೂ ಮೆಲ್ಬರ್ನ್‌ನಿಂದ ರೈಲಿನಲ್ಲಿ ಬಂದು ಇದೇ ಕಟ್ಟೆಯ ಮೇಲೆ ಕಾದರು.

"ಹಡಗಿನಲ್ಲೇ ಚಿಕ್ಕಪ್ಪನಿಗೆ ಉಕ್ತಲೇಖನ ಕೊಟ್ಟರಂತೆ," ಎಂದರು. "ಅಧಿಕಾರಿ ಓದಿದ್ದನ್ನು ಕೇಳಿ ಬರೆಯಬೇಕು, ಬರೆಯಲಾಗದಿದ್ದರೆ ಇಳಿಯುವಂತಿಲ್ಲ. ಯುರೋಪಿನ ಯಾವ ಭಾಷೆಯಲ್ಲಾದರೂ ಓದಬಹುದಿತ್ತು. ಯಾವ ಭಾಷೆ ಬರುವುದಿಲ್ಲವೋ ಅದನ್ನೇ ಆರಿಸುತ್ತಿದ್ದರು. ಚಿಕ್ಕಪ್ಪ, ನಾನು ಇಲ್ಲೇ ಹುಟ್ಟಿದವನು ಅಂದನಂತೆ. ಆ ಮಗು ನೀನೇ ಎನ್ನುವುದಕ್ಕೆ ಏನು ಗ್ಯಾರಂಟಿ ಎಂದು ಕೇಳಿದರಂತೆ."

"ಅಜ್ಜನನ್ನು ಹಡಗಿಗೆ ಬಿಡಲಿಲ್ಲವೇ?"

"ಬಿಡಲಿಲ್ಲ. ಹಡಗು ಹೊರಡುವಾಗ ಮೇಲೆ ಹುಡುಗರು ಸಾಲಾಗಿ ನಿಂತಿದ್ದರು. ಅಪ್ಪ ಕೈ ಬೀಸಿದರು. ಒಬ್ಬ ತಿರುಗಿ ಬೀಸಿದ. ಅವನೇ ತಮ್ಮನೋ ಬೇರೆ ಯಾರೋ, ಅಪ್ಪನಿಗೆ ಗೊತ್ತಾಗಲಿಲ್ಲ. ಸಾಯುವವರೆಗೂ ಅದನ್ನೇ ಹೇಳುತ್ತಿದ್ದರು, ತಪ್ಪು ಹುಡುಗನಿಗೆ ಕೈ ಬೀಸಿದೆನೇನೋ ಅಂತ."

ಆಮೇಲೆ ಯುದ್ಧಗಳು ಬಂದವು. ಚಿಕ್ಕಪ್ಪ ಏನಾದನೋ ಯಾರಿಗೂ ತಿಳಿಯಲಿಲ್ಲ. ನಾನು ಅವರ ತೋಳು ಹಿಡಿದುಕೊಂಡು ನಿಂತೆ.

ಮರುದಿನ ಗೃಹಪ್ರವೇಶ. ಊಟದ ಹೊತ್ತಿಗೆ ಮಾತು ಎಂದಿನಂತೆ ಮಾರ್ಟ್‌ಗೇಜ್, ಮನೆ ಹರಾಜು ಹಾಕುವ ಆಕ್ಷನ್ ಕಡೆ ತಿರುಗಿತು. ಬೆಂಗಳೂರಿನ ಅತಿಥಿಗಳೂ ಇದ್ದುದರಿಂದ ಭಾವ ತುಳು ಬಿಟ್ಟು ಕನ್ನಡದಲ್ಲೇ ಹೇಳಿದರು: "ಗ್ಲೆನ್ ವೇವರ್ಲಿ ಪೂರಾ ಚೈನೀಸ್ ಅಲ್ವಾ ಮಾರಾಯ್ತಿ? ಆಕ್ಷನ್‌ಗೆ ಹೋದ್ರೆ ನಮ್ಮವರಿಗೆ ಚಾನ್ಸೇ ಸಿಗುದಿಲ್ಲ. ಮೊದ್ಲು ಇವರ ವೀಸಾ ನಿಲ್ಲಿಸ್ಬೇಕು." ಹಾಗೆನ್ನುತ್ತ ನನ್ನ ನೆರೆಮನೆಯವರ ಕಡೆ ನೋಡಿದರು. ಎಲ್ಲರೂ ನಕ್ಕರು. ಮಾತು ಅರ್ಥವಾಗದ ಇವರೂ ಮರ್ಯಾದೆಗೆ ನಕ್ಕು ಪಾಯಸದ ಲೋಟ ಕೈಗೆತ್ತಿಕೊಂಡರು.

"ಭಾವ, ಇವರಪ್ಪ ಹುಟ್ಟಿದ್ದೇ ಈ ದೇಶದಲ್ಲಿ," ಎಂದೆ. ಹಿಂದಿನ ದಿನ ಕೇಳಿದ್ದನ್ನೆಲ್ಲ ಎಲ್ಲರ ಮುಂದೆ ಹೇಳಿದೆ. "ಆ ಕಾಲಕ್ಕೆ ನೀವು ಬಂದಿದ್ದರೆ ನಿಮಗೂ ಅದೇ ಉಕ್ತಲೇಖನ."

"ಅದೆಲ್ಲ ಹಳೇ ಕಥೆ. ನಾವು ಸ್ಕಿಲ್ಡ್ ಮೈಗ್ರೆಂಟ್ಸ್. ಪರ್ಮನೆಂಟ್ ರೆಸಿಡೆನ್ಸಿ ತಗೊಂಡು ಲೀಗಲ್ ಆಗಿ ಬಂದವರು. ನಮ್ಮನ್ನೂ ಅವರನ್ನೂ ಒಂದೇ ಮಾಡ್ಬೇಡ."

ಭಾವನ ಹೆಂಡತಿ ಹೋಳಿಗೆ ತಂದು ಮಾತು ಮರೆಸಿದರು. ವಾಪಸು ಬರುವಾಗ ಕಾರಿನಲ್ಲಿ ಇವರು ಕೇಳಿದರು, "ನನ್ನ ಬಗ್ಗೆ ಏನಂದರು?" ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೇಳಿದೆ. ಅವರು ಕಿಟಕಿಯ ಕಡೆ ತಿರುಗಿದರು.

"ಬಿಳಿಯರ ಬಾಯಿಂದ ಕೇಳಿ ಅಭ್ಯಾಸವಾಗಿತ್ತು," ಎಂದರು. "ನಿಮ್ಮವರ ಬಾಯಿಂದ ಬರುತ್ತದೆಂದುಕೊಂಡಿರಲಿಲ್ಲ."

ಈ ವರ್ಷ ವಲಸೆಗಾರರು ಬೇಡವೆಂದು ಇಲ್ಲಿನ ನಗರಗಳಲ್ಲಿ ಮೆರವಣಿಗೆಗಳಾದವು. ಈ ಸಲ ಹೆಚ್ಚು ಬೈಸಿಕೊಂಡವರು ನಾವು ಭಾರತೀಯರು. ಸಿಡ್ನಿಯ ಎಪ್ಪಿಂಗ್ ಸ್ಟೇಷನ್ನಿನಲ್ಲಿ ಭಾವನ ಮಗಳಿಗೆ ಯಾರೋ ನಿನ್ನ ದೇಶಕ್ಕೆ ಹೋಗು ಎಂದು ಕೂಗಿದರಂತೆ. ಹುಡುಗಿ ಅಳುತ್ತ ಮನೆಗೆ ಬಂದಳು. ಸುದ್ದಿ ಕೇಳಿ ನನಗೂ ಕಣ್ಣೀರು ಬಂತು, ಕೂಡಲೇ ಫೋನ್ ಮಾಡಿದೆ.

"ಇಷ್ಟು ಟ್ಯಾಕ್ಸ್ ಕಟ್ಟುವವರಿಗೆ ಹೀಗಾ?" ಎಂದು ಭಾವ ಕೂಗಾಡಿದರು. "ಚೈನೀಸಿನವರಿಗೆ ಹೇಳಿದ್ರೆ ಒಂದು ಅರ್ಥ ಇತ್ತು."

ನಾನು ಫೋನ್ ಇಟ್ಟೆ. ಆಮೇಲೆ ನಾವು ಮಾತಾಡಿಲ್ಲ.

ಪಕ್ಕದ ಮನೆಯವರು ಮಗಳಿಗೆ ಈಗಲೂ ಪಿಯಾನೊ ಕಲಿಸುತ್ತಾರೆ, ನಾನೊಬ್ಬಳೇ ಇದ್ದರೆ ಒಳಗೆ ಬಂದು ಕೂರುತ್ತಾರೆ. ನಮ್ಮವರು ಸೇರುವ ದಿನ ಕರೆದರೆ ಮಾತ್ರ ಮಂಡಿನೋವು ಎನ್ನುತ್ತಾರೆ. ನಾನು ಒತ್ತಾಯ ಮಾಡುವುದಿಲ್ಲ.