ಅಣ್ಣನ ಆಂಪ್ಲಿಫೈಯರಿಗೆ ಬೇರೆ ವಾಲ್ವ್ ಹಾಕಿದ್ದು

ಮಳೆಗಾಲ ಮುಗಿದು ಆರ್ಕೆಸ್ಟ್ರಾದವರಿಗೆ ಕೆಲಸ ಶುರುವಾಗುವ ಹೊತ್ತಿಗೆ ತೀರ್ಥಹಳ್ಳಿಯಿಂದ ಅಣ್ಣನ ಫೋನ್ ಬಂತು.

"ನಿನ್ನ ಆಂಪ್ಲಿಫೈಯರಿಗೆ ಎಂತ ಆಗಿದೆ ಮಾರಾಯ್ತಿ? ತಂತಿ ಮುಟ್ಟಿದ್ರೆ ಕಿವಿಗೆ ಸೂಜಿ ಚುಚ್ಚಿದ ಹಂಗಾಗ್ತದೆ."

ಆಂಪ್ಲಿಫೈಯರ್ ಅವನದೇ, ಕಟ್ಟಿಕೊಟ್ಟವಳು ಮಾತ್ರ ನಾನು. ನಾನು ಸಾಗರದಲ್ಲಿ ಐಟಿಐ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಅಣ್ಣ ಮದುವೆ, ಗಣಪತಿ ಪೆಂಡಾಲು, ಕಾಲೇಜಿನ ವಾರ್ಷಿಕೋತ್ಸವ ಎಂದು ಊರೂರು ತಿರುಗಿ ಗಿಟಾರ್ ನುಡಿಸಿಯೇ ಬದುಕಿದವನು. ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವ್‌ಗಳಿಂದ ಬಂದ ದನಿಯೇ ದನಿ ಎಂಬುದು ಅವನ ಹಟ. ಆ ಹಟಕ್ಕಾಗಿ ಶಿವಮೊಗ್ಗದಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತಿಸಿ, ಸಾಗರದ ವರ್ಕ್‌ಶಾಪಿನಲ್ಲಿ ತಗಡು ಬಗ್ಗಿಸಿ, ಒಂದು ಬೇಸಿಗೆ ರಜೆಯನ್ನೆಲ್ಲ ಅದಕ್ಕೆ ಹಾಕಿದ್ದೆ. ಅದರ ದನಿ ಕೆಟ್ಟಿದೆ ಎಂದರೆ ನನ್ನ ಕೈಯ ಕೆಲಸವೇ ಕೆಟ್ಟಿದೆ ಎಂದು ಅನಿಸಿ ಆ ಭಾನುವಾರವೇ ಬಸ್ ಹತ್ತಿದೆ.

ಅಣ್ಣನ ಮನೆ ಪೇಟೆಯಲ್ಲಿ, ಒಂದು ಔಷಧದ ಅಂಗಡಿಯ ಮೇಲಿನ ಮಹಡಿ. ಅಣ್ಣ ನುಡಿಸಿದ. ನನಗೆ ಏನೂ ತಪ್ಪು ಕಾಣಲಿಲ್ಲ. ಮೊದಲಿನಷ್ಟೇ ಚೆನ್ನಾಗಿತ್ತು. ಮೀಟರ್ ಹಿಡಿದು ನೋಡಿದೆ, ವೋಲ್ಟೇಜುಗಳೆಲ್ಲ ಸರಿಯಾಗಿದ್ದವು.

"ಸರಿ ಇದ್ಯಲ್ಲ ಅಣ್ಣ" ಎಂದೆ.

"ನಿಂಗೆ ಗೊತ್ತಾಗಲ್ಲ. ದಿನಾ ನುಡಿಸೋನು ನಾನು" ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಒಂದು ಥರದ ಗಾಬರಿ ಇತ್ತು. ಆಗ ಅದನ್ನು ನಾನು ಸಿಟ್ಟು ಎಂದೇ ತಿಳಿದೆ.

ರೆಕ್ಟಿಫೈಯರ್ ವಾಲ್ವ್ ಬದಲಿಸಿ ನೋಡೋಣ ಎಂದು ಹೇಳಿದವಳು ನಾನೇ. ಪ್ಲಗ್ಗಿನಿಂದ ಬಂದ ಕರೆಂಟನ್ನು ಡಿಸಿ ಮಾಡಿ ಉಳಿದ ವಾಲ್ವ್‌ಗಳಿಗೆ ಕೊಡುವುದು ಅದರ ಕೆಲಸ. ಅದು ಗಟ್ಟಿ ಜಾತಿಯದಾದರೆ ತಂತಿ ಮೀಟಿದ ಕೂಡಲೇ ಸ್ವರ ಥಟ್ಟನೆ ಬಂದು ಹೊಡೆಯುತ್ತದೆ. ಮೆದು ಜಾತಿಯದಾದರೆ ಮೀಟಿದಾಗ ವೋಲ್ಟೇಜು ತುಸು ಕುಸಿದು, ಸ್ವರ ಮೆತ್ತಗೆ ಹುಟ್ಟಿ ಆಮೇಲೆ ಅರಳುತ್ತದೆ. ಅಂಥದೊಂದು ವಾಲ್ವ್ ಹೊಸನಗರದಲ್ಲಿ ಸಿಗಬಹುದು ಎಂಬ ನೆನಪಿತ್ತು. ಅಲ್ಲಿ ನನಗೆ ಪರಿಚಯವಿದ್ದ ಒಬ್ಬ ಹಿರಿಯರು ಬಹಳ ಕಾಲ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ಮುಂದಿನ ವಾರ ಅವರ ಮನೆಯ ಬಾಗಿಲು ತಟ್ಟಿದಾಗ ಅವರ ಹೆಂಡತಿ ಹೊರಗೆ ಬಂದರು.

"ನಮ್ಮನೆಯವ್ರು ಹೋಗಿ ವರ್ಷದ ಮೇಲಾತಲ್ಲಮ್ಮ. ನಿಮಗೆ ಯಾರೂ ಹೇಳ್ಲಿಲ್ವಾ?"

ಇಲ್ಲವೆಂದು, ಹಳೆಯ ವಾಲ್ವ್ ಹುಡುಕಿ ಬಂದದ್ದನ್ನು ಹೇಳಿದೆ. ಅವರೇ ಒಳಗೆ ಕರೆದು, ಮಂಚದಡಿಯಿಂದ ಒಂದು ಬಿಸ್ಕತ್ತಿನ ಡಬ್ಬ ಎಳೆದು ಮುಂದಿಟ್ಟರು. ಒಳಗೆ ವಾಲ್ವ್‌ಗಳನ್ನು ಒಂದೊಂದಾಗಿ ಹಳೆಯ ಪಂಚೆಯ ಚೂರಿನಲ್ಲಿ ಸುತ್ತಿಟ್ಟಿದ್ದರು.

"ಬೇಕಾಗಿದ್ದು ತಗೊಳ್ಳಿ. ನಂಗೆ ಇದ್ರಲ್ಲಿ ಯಾವ್ದು ಜೀವ ಇರೋದು, ಯಾವ್ದು ಇಲ್ದಿದ್ದು ಅಂತ ಗೊತ್ತಾಗಲ್ಲ" ಎಂದರು.

ಬೇಕಾದದ್ದು ಸಿಕ್ಕಿತು. ಟೀ ಕುಡಿಯದೆ ಹೊರಡಲು ಅವರು ಬಿಡಲಿಲ್ಲ.

ಅಣ್ಣನ ಮನೆಯಲ್ಲಿ ಪ್ಲಗ್ ಕಿತ್ತು, ಕೆಪಾಸಿಟರಿನಲ್ಲಿ ಉಳಿದಿದ್ದ ಚಾರ್ಜ್ ಇಳಿಸಿ, ವಾಲ್ವ್ ಬದಲಿಸಿದೆ. ಪಿನ್ನುಗಳು ಒಂದೇ ರೀತಿಯವು, ಸುಲಭವಾಗಿ ಕೂತಿತು. ಮತ್ತೆ ಪ್ಲಗ್ ಹಾಕಿ, ವಾಲ್ವ್ ಕೆಂಪಗೆ ಕಾದ ಮೇಲೆ ಅಣ್ಣ ಒಂದು ಹಳೆಯ ರಾಗವನ್ನು ನಿಧಾನಕ್ಕೆ ಎಳೆದು ನುಡಿಸಿದ. ದನಿ ನಿಜವಾಗಿಯೂ ಮೆತ್ತಗಾಗಿತ್ತು. ಅಡುಗೆಮನೆಯಿಂದ ಅತ್ತಿಗೆ ಬಂದು ಬಾಗಿಲಿಗೆ ಒರಗಿ ನಿಂತರು.

"ಹಾಂ, ಈಗ ಪರ್ವಾಗಿಲ್ಲ" ಎಂದ ಅಣ್ಣ. ನನಗೆ ಸಮಾಧಾನವಾಯಿತು.

ಆ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ. ಜೋರಾಗಿ ಇಟ್ಟರೆ ಚುಚ್ಚುತ್ತದೆ, ಸಣ್ಣಗೆ ಇಟ್ಟರೆ ಕೇಳುವುದೇ ಇಲ್ಲ ಎಂದು ಮತ್ತೆ ಫೋನ್ ಮಾಡಿದ. ಹಾಗಾದರೆ ಸ್ಪೀಕರಿನದೇ ದೋಷವಿರಬೇಕು ಎಂದುಕೊಂಡೆವು. ಅವನ ಆರ್ಕೆಸ್ಟ್ರಾದವರ ಗೋದಾಮಿನಲ್ಲಿ ಮೂಲೆ ಸೇರಿದ್ದ ಒಂದು ಹಳೆಯ ಹನ್ನೆರಡಿಂಚಿನ ಸ್ಪೀಕರನ್ನು ತಂದಿಟ್ಟುಕೊಂಡು ನನಗಾಗಿ ಕಾಯುತ್ತಿದ್ದ. ಅದರ ಓಮ್ ಲೆಕ್ಕ ನಮ್ಮ ಆಂಪ್ಲಿಫೈಯರಿಗೆ ಹೊಂದುತ್ತದೆಂದು ಖಾತ್ರಿ ಮಾಡಿಕೊಂಡು ಕೂರಿಸಿದೆ. ಅಣ್ಣ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದ. ಚಿಕ್ಕವರಿದ್ದಾಗ ಸೈಕಲ್ ಬಿಚ್ಚಿ ಜೋಡಿಸುತ್ತಿದ್ದಂತೆ ಇಬ್ಬರೂ ನೆಲದ ಮೇಲೆ ಕೂತು ಕೈ ಮಸಿ ಮಾಡಿಕೊಂಡೆವು. ಆ ಬೆಳಿಗ್ಗೆ ಅವನು ಗೆಲುವಾಗಿಯೇ ಇದ್ದ.

ಹಳೆಯ ಸ್ಪೀಕರಿನ ಕಾಗದದ ಕೋನ್ ಎಲ್ಲಾದರೂ ಹರಿದಿದ್ದರೆ ಕೆಲವು ಸ್ವರಗಳಿಗೆ ಗರಗರ ಎನ್ನುತ್ತದೆ. ಅದನ್ನು ನೋಡಲು ನನ್ನ ಫೋನಿನಿಂದ ಒಂದೇ ಎಳೆಯ ಶಬ್ದವನ್ನು ಆಂಪ್ಲಿಫೈಯರಿಗೆ ಬಿಟ್ಟು, ತಗ್ಗು ಸ್ವರದಿಂದ ಮೇಲಕ್ಕೆ ಮೆಲ್ಲಗೆ ಏರಿಸುತ್ತಾ ಹೋದೆ. ಶಬ್ದ ಚೂಪಾಗುತ್ತಾ ಶಿಳ್ಳೆಯಂತಾಯಿತು. ಅತ್ತಿಗೆ ಕಿವಿ ಮುಚ್ಚಿಕೊಂಡು ಅಡುಗೆಮನೆಯಿಂದ ಬಂದರು.

"ಎಂತದೇ ಅದು, ತಲೆ ಒಳಗೆ ಹೋಗ್ತದೆ. ನಿಲ್ಸು ಮಾರಾಯ್ತಿ."

ಅಣ್ಣ ಸ್ಪೀಕರಿನ ಪಕ್ಕದಲ್ಲೇ ಕೂತಿದ್ದ. "ಆಗ್ಲೇ ನಿಲ್ಸಿದಾಳಲ್ಲ" ಎಂದ.

ನಾನು ನಿಲ್ಲಿಸಿರಲಿಲ್ಲ. ಶಬ್ದ ಕೋಣೆಯ ತುಂಬ ಇತ್ತು. ಅತ್ತಿಗೆ ನನ್ನನ್ನು ನೋಡಿದರು. ಅಣ್ಣ ನಮ್ಮಿಬ್ಬರ ಮುಖವನ್ನೂ ನೋಡಿ, ಕೈ ಚಾಚಿ ಸ್ಪೀಕರಿನ ಬಟ್ಟೆಯ ಮೇಲೆ ಬೆರಳಿಟ್ಟ.

"ಈಗ ಇದ್ಯಾ?"

"ಇದೆ ಅಣ್ಣ."

ನಾನು ಸ್ವರವನ್ನು ಸ್ವಲ್ಪ ಕೆಳಗಿಳಿಸಿದೆ. "ಈಗ?" ಎಂದ.

"ಈಗ್ಲೂ ಇದೆ."

ಇನ್ನಷ್ಟು ಇಳಿಸಿದ ಮೇಲೆ ಅವನು ಹೌದೆಂದು ತಲೆಯಾಡಿಸಿ, ಕೇಳಿತು ಎಂದ. ಅತ್ತಿಗೆ ಅಲ್ಲೇ ಕುರ್ಚಿಯಲ್ಲಿ ಕುಳಿತು, "ಕುಕ್ಕರ್ ಕೂಗಿದ್ರೂ ಎದ್ದು ಹೋಗಲ್ಲ, ಉದಾಸೀನ ಅಂತ ನಾನು ಬೈತಿದ್ದೆ" ಎಂದರು. ಅದನ್ನು ನನಗೆ ಹೇಳಿದರೋ ಅಣ್ಣನಿಗೋ ತಿಳಿಯಲಿಲ್ಲ.

ಶಿವಮೊಗ್ಗದ ಡಾಕ್ಟರು ಪರೀಕ್ಷೆ ಮಾಡಿ, ಕಿವಿಯ ನರ ಸವೆದಿದೆ, ಇಷ್ಟು ವರ್ಷ ಡ್ರಮ್ಮು, ಸ್ಪೀಕರುಗಳ ಪಕ್ಕ ನಿಂತದ್ದರ ಫಲ ಎಂದರು. ಸಣ್ಣ ಶಬ್ದ ಕೇಳದಿರುವುದೂ ದೊಡ್ಡ ಶಬ್ದ ಚುಚ್ಚುವುದೂ ಒಂದೇ ಕಾಯಿಲೆಯಂತೆ. ಹೋದದ್ದು ತಿರುಗಿ ಬರುವುದಿಲ್ಲ, ಇರುವುದಕ್ಕೆ ಮಿಷನ್ ಹಾಕಿಕೊಳ್ಳಬಹುದು ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅಣ್ಣ, "ನಿನ್ನ ಕೆಲ್ಸದಲ್ಲಿ ಎಂತದೂ ತಪ್ಪಿರ್ಲಿಲ್ಲ, ಬಿಡು" ಎಂದ. ನನಗೆ ಅಳು ಬಂತು.

ಆ ಬೇಸಿಗೆ ಅವನು ಕಿವಿಗೆ ಮಿಷನ್ ಹಾಕಿಕೊಂಡೇ ನುಡಿಸಿದ. ಮಾತು ಹೇಗೋ ತಿಳಿಯುತ್ತದೆ, ಗಿಟಾರ್ ಮಾತ್ರ ತಗಡು ಬಡಿದ ಹಾಗೆ ಕೇಳುತ್ತದೆ ಎನ್ನುತ್ತಿದ್ದ. ಸಾಗರದಲ್ಲಿ ಒಂದು ಮದುವೆಯ ಆರತಕ್ಷತೆಗೆ ಅವರ ಆರ್ಕೆಸ್ಟ್ರಾ ಬಂದಾಗ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ತನಗೆ ಕೇಳದ ಮೇಲಿನ ಸ್ವರಗಳಿಗಾಗಿ ಅಣ್ಣ ಟ್ರೆಬಲ್ ಗುಂಡಿಯನ್ನು ಪೂರ್ತಿ ತಿರುಗಿಸಿದ್ದ. ಮುಂದಿನ ಸಾಲಿನಲ್ಲಿದ್ದವರು ಮುಖ ಕಿವುಚಿಕೊಳ್ಳುತ್ತಿದ್ದರು. ಹಾಡು ನಡೆಯುತ್ತಿರುವಾಗಲೇ ಆರ್ಕೆಸ್ಟ್ರಾದ ಯಜಮಾನರು, ಅಣ್ಣನ ಹಳೆಯ ಗೆಳೆಯರು, ಹಿಂದಿನಿಂದ ಬಂದು ಸದ್ದಿಲ್ಲದೆ ಆ ಗುಂಡಿಯನ್ನು ಕೆಳಗೆ ತಿರುಗಿಸಿದರು. ದನಿ ಬದಲಾದದ್ದು ಅಣ್ಣನಿಗೆ ಗೊತ್ತಾಗಲಿಲ್ಲ. ಆದರೆ ತಿರುಗಿ ನೋಡಿದವನಿಗೆ ಗುಂಡಿಯ ಮೇಲೆ ಗೆಳೆಯನ ಕೈ ಕಂಡಿತು. ಕಾರ್ಯಕ್ರಮ ಮುಗಿಯುವ ತನಕ ತಲೆ ತಗ್ಗಿಸಿ ನುಡಿಸಿದ.

ಹೊರಗೆ ಕೇಬಲ್ ಸುತ್ತುತ್ತಾ ನನಗೆ ಹೇಳಿದ: "ಅವ್ನು ಮಾಡಿದ್ದು ಸರೀನೇ. ಆದ್ರೆ ನಂಗೆ ಹೇಳಿ ಮಾಡ್ಬಹುದಿತ್ತು."

ಮುಂದಿನ ಕಾರ್ಯಕ್ರಮಕ್ಕೆ ಅವನು ಹೋಗಲಿಲ್ಲ, ಆಮೇಲೂ ಹೋಗಲಿಲ್ಲ. ಆಂಪ್ಲಿಫೈಯರನ್ನು ಕಣ್ಣೆದುರು ಇಟ್ಟುಕೊಳ್ಳುವುದು ಬೇಡ ಎಂದು ನನ್ನ ಮನೆಗೆ ಕಳಿಸಿದ. ಅದೀಗ ನಮ್ಮ ಪಡಸಾಲೆಯಲ್ಲಿದೆ, ಯಾರೂ ಹಚ್ಚುವುದಿಲ್ಲ.

ಫೋನಿನಲ್ಲಿ ಅವನಿಗೆ ಮಾತು ಹಿಡಿಯುವುದಿಲ್ಲವಾದ್ದರಿಂದ ಈಗ ಬರೀ ಮೆಸೇಜು. ಮೊದಲು ಗಂಟೆಗಟ್ಟಲೆ ಮಾತಾಡುತ್ತಿದ್ದವನು "ಊಟ ಆಯ್ತಾ" ಎಂದಷ್ಟೇ ಬರೆಯುತ್ತಾನೆ. ಕಳೆದ ತಿಂಗಳು ಹೋಗಿದ್ದಾಗ ಸಂಜೆ ಇಬ್ಬರೂ ತುಂಗೆಯ ದಂಡೆಗೆ ನಡೆದೆವು. ಗಾಳಿ ಬೀಸಿದರೆ ಮಿಷನ್ನಿನಲ್ಲಿ ಬರೀ ಗೊರಗೊರ ಎಂದು ಅದನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ನನ್ನ ಜೊತೆ ಕೆಲಸ ಮಾಡುವ ಒಬ್ಬರಿಗೆ ಹುಷಾರಿಲ್ಲ, ಆಸ್ಪತ್ರೆಯಲ್ಲಿದ್ದಾರೆ ಎಂದು ಹೇಳಿದೆ. ಅವನು ನನ್ನ ತುಟಿಯನ್ನೇ ನೋಡುತ್ತಿದ್ದು, "ಒಳ್ಳೇದಾಯ್ತು ಬಿಡು" ಎಂದು ನಕ್ಕ.

ನಾನೂ ಹೂಂ ಎಂದೆ. ಕತ್ತಲಾಗುವ ಮೊದಲು ಮನೆಗೆ ಹೋಗೋಣ ಎಂದು ಕೈ ಸನ್ನೆ ಮಾಡಿದೆ. ಅದು ಅವನಿಗೆ ತಿಳಿಯಿತು.