ನನ್ನ ಮಂಚದ ಮೇಲೆ ಇನ್ನೊಬ್ಬ

ಕೀನ್ಯಾದಲ್ಲಿ ಕಳೆದ ಮೊದಲ ಕ್ರಿಸ್‌ಮಸ್ ಹೇಗಿತ್ತು ಎಂದು ಸಭೆಯವರು ಕೇಳಿದಾಗಲೆಲ್ಲ ಅಲ್ಲಿನ ಹಾಡು, ಡೋಲು, ಊಟದ ಬಗ್ಗೆ ಹೇಳುತ್ತೇನೆ. ಹೇಳದೆ ಉಳಿಸಿಕೊಳ್ಳುವುದು ಹೊಟ್ಟೆಕಿಚ್ಚಿನ ವಿಷಯ. ಆ ಕಿಚ್ಚು ಕೀನ್ಯಾದ ಯಾರ ಮೇಲೂ ಅಲ್ಲ. ಜಗಳೂರಿನ ನಮ್ಮ ಮನೆಯಲ್ಲಿ, ನನ್ನದೇ ಮಂಚದ ಮೇಲೆ, ಅವ್ವ ಹೊಲಿದ ನನ್ನದೇ ಕೌದಿ ಹೊದ್ದು ಮಲಗುತ್ತಿದ್ದ ಒಬ್ಬ ಮಿಜೋರಾಂ ಹುಡುಗನ ಮೇಲೆ.

ನಮ್ಮಪ್ಪ ಜಗಳೂರಿನ ಪುಟ್ಟ ಕ್ರೈಸ್ತ ಸಭೆಯೊಂದರ ಸಭಾಪಾಲಕ. ಓದು ಮುಗಿಸಿದ ನನ್ನನ್ನು ಹಿರಿಯರು ಎರಡು ವರ್ಷದ ಸೇವೆಗೆಂದು ಕೀನ್ಯಾಕ್ಕೆ ಕಳಿಸಿದರು. ನಾನು ವಿಮಾನ ಹತ್ತಿ ತಿಂಗಳಾಗಿರಲಿಲ್ಲ, ಅಪ್ಪನ ನೆರವಿಗೆಂದು ಮಿಜೋರಾಮಿನಿಂದ ನನ್ನ ವಾರಿಗೆಯವನೇ ಒಬ್ಬ ಬಂದಿಳಿದ. ಅವನಿಗೊಂದು ಬಾಡಿಗೆ ರೂಮು ನೋಡೋಣವೆಂದು ಅಪ್ಪ ಅಂದರೆ, ಮಂಚ ಖಾಲಿ ಐತಲ್ಲ ಎಂದಳಂತೆ ಅವ್ವ.

"ಪಾಪ, ಹೆತ್ತೋರನ್ನ ಬಿಟ್ಟು ಎಷ್ಟು ದೂರ ಬಂದೈತೆ ಕೂಸು" ಎಂದು ಫೋನಿನಲ್ಲಿ ನನ್ನ ಮುಂದೆಯೇ ಮರುಗುತ್ತಿದ್ದಳು. ನಾನೇನು ಹೆತ್ತವರನ್ನು ಟ್ರಂಕಿನಲ್ಲಿ ತುಂಬಿಕೊಂಡು ಹೋಗಿದ್ದೆನೇ?

ವಾರಕ್ಕೊಂದು ಸುದ್ದಿ ಬರುತ್ತಿತ್ತು. ಅವನು ಗಿಟಾರ್ ನುಡಿಸುತ್ತಾನೆ. ನಮ್ಮ ಕೀರ್ತನೆಗಳನ್ನು ಕಲಿತು ಹಾಡುತ್ತಾನೆ. ಹಸಿಮೆಣಸಿನಕಾಯಿ ಚಟ್ನಿಯನ್ನು ಕಣ್ಣಲ್ಲಿ ನೀರು ಬಾರದೆ ತಿನ್ನುತ್ತಾನೆ. ಕೊನೆಗೊಂದು ದಿನ, "ಜೋಳದ ರೊಟ್ಟಿ ಬಡಿಯಾಕೆ ಕಲ್ತಾನೆ ಕಣೋ. ನೀನು ಒಂದಿನನಾದ್ರೂ ಒಲೆ ಮುಂದೆ ಕುಂತಿದ್ಯಾ?" ಎಂದಳು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ, ನೋಡ್ತಿರು ಎಂದೆ. ಅವ್ವ ನಕ್ಕು, ಬಟ್ಟೇನೂ ಅವನೇ ಒಗಿತಾನೆ ಎಂದಳು.

ಇಷ್ಟಾದರೂ ನನ್ನದೊಂದು ಕೆಲಸ ನನಗೇ ಉಳಿದಿದೆ ಎಂದು ನಂಬಿದ್ದೆ. ಕ್ರಿಸ್‌ಮಸ್ ದಿನ ಅವ್ವ ಶೇಂಗಾ ಹೋಳಿಗೆ ಮಾಡುತ್ತಾಳೆ. ಓಣಿಯ ಮನೆಮನೆಗೂ ತಟ್ಟೆ ಹಂಚುವವನು ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ ನಾನೇ. ಎದುರುಮನೆ ಅಜ್ಜಿಯದು ಮಾತ್ರ ಬೇರೆ ತಟ್ಟೆ. ಅದರಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಚನ್ನಗಿರಿ ಕಡೆ ಕೊಟ್ಟಿರುವ ನಮ್ಮಕ್ಕ ಕಳಿಸಿದ ಅಡಿಕೆ. ಬೇಯಿಸಿದ್ದು ಏನೂ ಇರುವುದಿಲ್ಲ. ನಮ್ಮ ಒಲೆಯ ಮೇಲೆ ಬೆಂದದ್ದು ಆ ಮನೆಯ ಹೊಸ್ತಿಲು ದಾಟುವುದಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ, ಎಲ್ಲರಿಗೂ ಗೊತ್ತಿದ್ದದ್ದು. ಅಜ್ಜಿಯ ಅತ್ತೆ ಬದುಕಿದ್ದಾಗ ನಾನು ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿಯುತ್ತಿದ್ದೆ. ಆ ಮುದುಕಿ ಕಾಯಿಗೂ ನೀರು ಚಿಮುಕಿಸಿ ಒಳಗೊಯ್ಯುತ್ತಿದ್ದಳು. ಅವಳು ಹೋದ ಮೇಲೂ ನಾನು ಕಟ್ಟೆ ದಾಟಿದವನಲ್ಲ.

"ಈ ಸಲ ತಟ್ಟೆ ಯಾರು ಒಯ್ತಾರೆ?" ಎಂದು ಹಬ್ಬದ ಹಿಂದಿನ ದಿನ ಕೇಳಿದೆ. ನಿನ್ನನ್ನು ಬಿಟ್ಟರೆ ಯಾರಪ್ಪ ಎಂದು ಅವಳು ಕಣ್ಣೊರೆಸಿಕೊಳ್ಳಲಿ ಎಂಬ ಆಸೆ.

"ಅವನಿದಾನಲ್ಲ" ಎಂದಳು.

ಹಬ್ಬದ ದಿನ ಆರಾಧನೆ ಮುಗಿಸಿ, ಕೀನ್ಯಾದ ಸಭೆಯ ಒಬ್ಬ ತಾಯಿಯ ಮನೆಗೆ ಊಟಕ್ಕೆ ಹೋದೆ. ಅಲ್ಲಿನವರಿಗೆ ಚಪಾತಿಯಿಲ್ಲದೆ ಕ್ರಿಸ್‌ಮಸ್ ಇಲ್ಲ. ಅಂಗಳದಲ್ಲಿ ಇದ್ದಿಲ ಒಲೆ, ಅದರ ಸುತ್ತ ಹೆಂಗಸರು, ಪಕ್ಕದಲ್ಲಿ ಚಪಾತಿಯ ರಾಶಿ. ಇದು ನಿಮ್ಮ ದೇಶದಿಂದ ಬಂದದ್ದು, ನೀನು ಲಟ್ಟಿಸಿ ತೋರಿಸು ಎಂದರು. ಮಿಜೋರಾಮಿನವನೇ ರೊಟ್ಟಿ ಬಡಿಯುವಾಗ ನನ್ನದೇನು ಎಂಬ ಹಟಕ್ಕೆ ಬಿದ್ದು ಲಟ್ಟಣಿಗೆಯನ್ನು ಪಕ್ಕಕ್ಕಿಟ್ಟೆ. ಅವ್ವನ ಹಾಗೆ ಅಂಗೈಯಲ್ಲಿ ಬಡಿಯತೊಡಗಿದೆ. ಹಿಟ್ಟು ನನ್ನ ಕೈ ಬಿಟ್ಟು ಹೋಗಲೊಪ್ಪಲಿಲ್ಲ. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ಆ ತಾಯಿ ಮಾತ್ರ ನನ್ನ ಕೈ ತೊಳೆಸಿ, ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂರಿಸಿ, ಸುಟ್ಟ ಆಡಿನ ಮೊದಲ ತುಂಡನ್ನು ನನ್ನ ತಟ್ಟೆಗೆ ಹಾಕಿದಳು. ನೈರೋಬಿಯಿಂದ ರಜೆಗೆ ಬಂದಿದ್ದ ಅವಳ ಮಗ ಬೆಂಚಿನ ತುದಿಯಲ್ಲಿ ಕುಳಿತು ಆ ತುಂಡನ್ನೂ ಕುರ್ಚಿಯನ್ನೂ ಒಮ್ಮೆ ನೋಡಿದ. ಆ ನೋಟ ನನಗೆ ಚೆನ್ನಾಗಿ ಅರ್ಥವಾಯಿತು. ಆದರೂ ಕುರ್ಚಿಯಿಂದ ಏಳಲಿಲ್ಲ, ತುಂಡನ್ನೂ ಬಿಡಲಿಲ್ಲ. ಇಡೀ ಲೋಕದಲ್ಲಿ ನನಗೆಂದು ಉಳಿದಿದ್ದದ್ದು ಅದೊಂದೇ ಕುರ್ಚಿ ಎನ್ನಿಸಿತ್ತು.

ಊಟವಾದ ಮೇಲೆ ಮನೆಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಆಗಲೇ ಸಂಜೆ. ಅವ್ವ ಬಾಗಿಲಲ್ಲಿ ನಿಂತಿದ್ದಳು, ಮುಖದಲ್ಲಿ ಗಾಬರಿ.

"ಕೆಟ್ಟೆನಲ್ಲಪ್ಪ. ಅಜ್ಜಿ ತಟ್ಟೆ ಇಲ್ಲೇ ಮೂಲ್ಯಾಗೆ ಐತೆ. ಅವನು ಹೋಳಿಗೆ ತಟ್ಟೆ ತಗಂಡು ಅವರ ಮನೆ ಒಳಗೇ ಹೋಗಿಬಿಟ್ಟ."

"ಒಳಗೆ ಹೋದ್ನಾ?"

"ಹೋಗಿ ಎಷ್ಟೊತ್ತಾತು. ಇನ್ನೂ ಹೊರಗೆ ಬಂದಿಲ್ಲ. ನಾನಾದ್ರೂ ಹೆಂಗೆ ಹೇಳ್ಲಿ ಅವನಿಗೆ, ಏನಂತ ಹೇಳ್ಲಿ?"

ನಿಜ, ಏನೆಂದು ಹೇಳುವುದು. ನನಗಂತೂ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಗಿಟಾರು, ಕೀರ್ತನೆ, ರೊಟ್ಟಿ ಎಲ್ಲ ಈಗ ಎದುರುಮನೆ ಬಾಗಿಲಲ್ಲಿ ಮಣ್ಣುಪಾಲಾಗುತ್ತವೆ, ನನ್ನ ಮಗನಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಅವ್ವ ಅನ್ನುತ್ತಾಳೆ ಎಂದು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದುಕೊಂಡೆ.

ಅವನು ಬಂದ. ಬಾಯಿ ಒರೆಸಿಕೊಳ್ಳುತ್ತ ಬಂದ. ಕೈಯಲ್ಲಿದ್ದ ತಟ್ಟೆಯಲ್ಲಿ, ಬರಿದಾಗಿ ಹಿಂದಿರುಗಿಸಬಾರದೆಂದು ಇಟ್ಟ ಬೆಲ್ಲದಚ್ಚು.

"ಅಜ್ಜಿ ತಿಂದರು. ತುಪ್ಪ ಹಾಕಿ ತಿಂದರು. ನನಗೆ ಕಾಫಿ ಕೊಟ್ಟರು" ಎಂದು ಅವನ ಬಿಡಿಬಿಡಿ ಕನ್ನಡದಲ್ಲಿ ವರದಿ ಒಪ್ಪಿಸಿದ. ಅವನ ಹಿಂದೆಯೇ ಅಜ್ಜಿ ಓಣಿ ದಾಟಿ ಬಂದು ಅವ್ವನ ಕೈಯಿಂದ ಫೋನು ಇಸಿದುಕೊಂಡಳು.

"ಏನೋ, ಇಷ್ಟು ವರ್ಷ ಬರೀ ಕಾಯಿ ಇಟ್ಟು ಓಡ್ತಿದ್ಯಲ್ಲ. ಹಬ್ಬ ಬಂದ್ರೆ ಓಣಿ ತುಂಬ ಶೇಂಗಾ ಹುರಿಯೋ ವಾಸ್ನೆ. ನಂಗೂ ಒಂದು ತಂದುಕೊಡಾಕೆ ಏನಾಗಿತ್ತು?"

ಏನಾಗಿತ್ತು! ನೀರು ಚಿಮುಕಿಸುತ್ತಿದ್ದ ಅತ್ತೆಯ ಬೆನ್ನ ಹಿಂದೆ ನಿಂತು ನೋಡುತ್ತಿದ್ದವಳು ಇವಳೇ. ಆ ಮಾತು ನಾಲಿಗೆ ತುದಿಗೆ ಬಂತು. ಆದರೆ ಅವಳ ಪಕ್ಕದಲ್ಲಿ ಅವನು ಹಲ್ಲು ಕಿರಿಯುತ್ತ ನಿಂತಿದ್ದ. ನನಗೆ ಆ ಮನೆಯ ಒಳಗೆ ಗೋಡೆಯ ಬಣ್ಣ ಯಾವುದೆಂದೂ ಗೊತ್ತಿರಲಿಲ್ಲ, ಅವನು ಕಾಫಿ ಕುಡಿದು ಬಂದಿದ್ದ. ಹಬ್ಬದ ಶುಭಾಶಯ ಅಜ್ಜಿ ಎಂದು ಹೇಳಿ ಫೋನಿಟ್ಟೆ.

ಎರಡು ವರ್ಷ ಮುಗಿಸಿ ನಾನು ಜಗಳೂರಿಗೆ ಮರಳುವ ಹೊತ್ತಿಗೆ ಅವನು ತನ್ನ ಊರಿಗೆ ಹೋಗಿಯಾಗಿತ್ತು. ಮಂಚ ನನಗೆ ಸಿಕ್ಕಿತು. ಕ್ರಿಸ್‌ಮಸ್ ದಿನ ಹೋಳಿಗೆಯ ತಟ್ಟೆ ಹಿಡಿದು ಕಟ್ಟೆ ಹತ್ತಿದೆ. ಹೊಸ್ತಿಲ ಹತ್ತಿರ ಕಾಲು ತಾನಾಗಿಯೇ ನಿಂತಿತು.

"ಬಾರೋ ಒಳಗೆ" ಎಂದಳು ಅಜ್ಜಿ.

ಹೋದೆ. ಗೋಡೆಗೆ ತಿಳಿಹಸಿರು ಬಣ್ಣ. ಅಜ್ಜಿ ಹೋಳಿಗೆ ಮುರಿದು ತುಪ್ಪ ಹಾಕಿಕೊಂಡು ನಿಧಾನವಾಗಿ ತಿಂದಳು. ನಾನು ಅವಳ ಬಾಯನ್ನೇ ನೋಡುತ್ತ ಕುಳಿತೆ.

"ಚೆನ್ನಾಗೈತೆ" ಎಂದಳು. ಇನ್ನೊಂದು ತುತ್ತು ತಿಂದು ಬಾಗಿಲ ಕಡೆ ನೋಡಿದಳು. "ಆ ಹುಡುಗ ತಂದಿದ್ನಲ್ಲ, ಅವು ಇನ್ನೂ ಮೆತ್ತಗಿದ್ವು."

ಅವನ್ನೂ ಮಾಡಿದ್ದು ನಮ್ಮವ್ವನೇ.