ಭಾವನ ಕಿವಿಯ ಗೀರು

ನನ್ನ ಗಂಡನ ಅಣ್ಣನನ್ನು ಕಂಡರೆ ಹೆಬ್ಬಗೋಡಿಯ ನಮ್ಮ ಬೀದಿಗೆ ಬೀದಿಯೇ ಹೆದರುತ್ತಿತ್ತು. ನಾನು ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅಲ್ಲಿ ಜಗಳವಾಡುವವರೂ ಕಿಟಕಿ ಮುಚ್ಚಿಕೊಂಡು ಆಡುತ್ತಿದ್ದರು. ಮದುವೆಯಾಗಿ ಇಲ್ಲಿಗೆ ಬಂದ ಮೊದಲ ವಾರವೇ, ಕುಡಿದು ಗಲಾಟೆ ಮಾಡಿದ ಬಾಡಿಗೆದಾರನೊಬ್ಬನನ್ನು ಭಾವ ಕಾಲು ಹಿಡಿದು ಮಹಡಿಯಿಂದ ಬೀದಿಯವರೆಗೂ ಎಳೆದುಕೊಂಡು ಹೋದದ್ದನ್ನು ನೋಡಿದೆ. ಅವನ ತಲೆ ಒಂದೊಂದು ಮೆಟ್ಟಿಲಿಗೂ ಬಡಿಯುತ್ತಿತ್ತು.

ಗಂಡನ ಮನೆಯವರು ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಆಗ ಎರಡು ಸಾಲು ಬಾಡಿಗೆ ಕೋಣೆಗಳಿದ್ದವು. ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು, ಎಲೆಕ್ಟ್ರಾನಿಕ್ ಸಿಟಿಯ ಗೇಟುಗಳನ್ನು ಕಾಯುವ ಸೆಕ್ಯುರಿಟಿಯವರು ಅಲ್ಲಿದ್ದರು. ಅವರೆಲ್ಲರಿಗೂ ಭಾವನ ಕೈಯ ರುಚಿ ಒಂದಲ್ಲ ಒಂದು ದಿನ ಸಿಕ್ಕಿತ್ತು. ಆ ಕೈ ಹೆಚ್ಚು ಬೀಳುತ್ತಿದ್ದದ್ದು ಮಾತ್ರ ಅವರ ಹೆಂಡತಿಯ ಮೇಲೆ. ನನಗೆ ಓರಗಿತ್ತಿ, ನಾನು ಕರೆಯುತ್ತಿದ್ದದ್ದು ಅಕ್ಕ ಎಂದು. ಹೊಡೆತ ತಿಂದ ಮೇಲೆ ಅಕ್ಕ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದು, ಹೊಡೆದವರಿಗೇ ಮುದ್ದೆ ಬಡಿಸುತ್ತಿದ್ದಳು. ನನ್ನ ಮುಖ ನೋಡಿ, "ನೀನ್ಯಾಕೆ ಅಳ್ತೀಯ? ಓಗು, ಸಾರು ತಗೊಂಬಾ" ಅನ್ನುತ್ತಿದ್ದಳು.

ಹೊಸೂರು ರಸ್ತೆಯ ಮೇಲ್ಸೇತುವೆಗೆ ಕಂಬಗಳು ಏಳುತ್ತಿದ್ದ ಕಾಲ. ಒಂದು ಭಾನುವಾರ ಬೆಳಿಗ್ಗೆ ನಾನು ತಾರಸಿಯ ಮೇಲೆ ಮೆಣಸಿನಕಾಯಿ ಹರಡುತ್ತಿದ್ದೆ. ಕೆಳಗೆ ನೀರಿನ ತೊಟ್ಟಿಯ ಹತ್ತಿರ, ಕೊನೆಯ ಕೋಣೆಯ ಹುಡುಗಿ ಬಟ್ಟೆ ಒಗೆಯುತ್ತಿದ್ದಳು. ರಾಯಚೂರಿನ ಕಡೆಯವಳು, ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುತ್ತಿದ್ದಳು. ಒಂಟಿಯಾಗಿದ್ದಳು. ಗೇಟಿನಿಂದ ಒಂದು ಕಪ್ಪು ನಾಯಿ ಒಳಗೆ ಬಂತು. ನಮ್ಮ ಬೀದಿಯದಲ್ಲ. ಕೆಳದವಡೆ ಜೋತುಬಿದ್ದು ಜೊಲ್ಲು ಎಳೆಎಳೆಯಾಗಿ ಇಳಿಯುತ್ತಿತ್ತು, ಹಿಂಗಾಲು ತೂರಾಡುತ್ತಿತ್ತು. ನಾನು ಕೂಗುವಷ್ಟರಲ್ಲಿ ಅದು ಅವಳ ಮೀನಖಂಡಕ್ಕೆ ಬಾಯಿ ಹಾಕಿಯಾಗಿತ್ತು.

ಅವಳು ಕಲ್ಲಿನ ಮೇಲೆ ಬಿದ್ದಳು. ನಾಯಿ ಬಿಡಲಿಲ್ಲ, ತಲೆ ಅಲ್ಲಾಡಿಸಿ ಅಲ್ಲಾಡಿಸಿ ಎಳೆಯಿತು. ಸೋಪಿನ ನೊರೆ ಕೆಂಪಾಯಿತು. ಸಾಲುಮನೆಯ ಬಾಗಿಲುಗಳು ಪಟಪಟನೆ ಮುಚ್ಚಿಕೊಂಡವು. ಹೊರಗೆ ಬಂದವರು ಭಾವ ಒಬ್ಬರೇ. ಬಾಯಲ್ಲಿ ಬ್ರಷ್ಷು ಇತ್ತು, ಕೈಯಲ್ಲಿ ಗುಂಡಿ ತೋಡುವ ಹಾರೆ ಇತ್ತು. ಮೊದಲ ಏಟಿಗೆ ನಾಯಿ ಕಾಲು ಬಿಟ್ಟು ನೇರ ಅವರ ಮುಖಕ್ಕೆ ನೆಗೆಯಿತು. ಕುತ್ತಿಗೆ ಹಿಡಿದು ಅದನ್ನು ನೆಲಕ್ಕೆ ಅಪ್ಪಳಿಸಿದರು. ಆಮೇಲೆ ಹೊಡೆದರು. ಅದರ ತಲೆ ಒಡೆಯಿತು, ಕಾಲು ಸೆಟೆಯಿತು, ಆಗಲೂ ಹೊಡೆದರು. ನಾನು ಇಳಿದು ಬಂದಾಗ ಅವರು ಏದುಸಿರು ಬಿಡುತ್ತಾ ನಿಂತಿದ್ದರು. ಎಡಗಿವಿಯ ಹಾಲೆಯಲ್ಲಿ ಸಣ್ಣ ಗೀರು, ಅದರ ತುದಿಯಲ್ಲಿ ಒಂದು ಹನಿ ರಕ್ತ.

ಹುಡುಗಿಯ ಕಾಲನ್ನು ನಲ್ಲಿಯ ಕೆಳಗೆ ಹಿಡಿದು, ಬಟ್ಟೆ ಸೋಪಿನಲ್ಲೇ ಬಹಳ ಹೊತ್ತು ತೊಳೆದೆ. ಅವಳು ಚೂಡಿದಾರದ ವೇಲನ್ನು ಕಚ್ಚಿಕೊಂಡು ನರಳುತ್ತಿದ್ದಳು. ಅಕ್ಕ ಇನ್ನೊಂದು ಸೋಪು ತಂದು ಗಂಡನ ಮುಂದೆ ನಿಂತಳು.

"ನಂಗೇನಾಗೈತೆ? ಉಗುರು ತಾಕೈತೆ ಅಷ್ಟೇಯ" ಎಂದರು ಭಾವ.

"ನೀವೂ ನಮ್ಮ ಜೊತೆ ಆಸ್ಪತ್ರೆಗೆ ಬನ್ನಿ ಭಾವ" ಎಂದೆ.

"ಹೊಟ್ಟೆ ಸುತ್ತಾ ಸೂಜಿ ಚುಚ್ಚಿಸ್ಕೊಳ್ಳೋಕಾ? ನಮ್ಮಪ್ಪ ಚುಚ್ಚಿಸ್ಕೊಂಡು ತಿಂಗಳು ಎದ್ದಿರ್ಲಿಲ್ಲ."

"ಈಗ ಹೊಟ್ಟೆಗಲ್ಲ, ತೋಳಿಗೆ ಕೊಡ್ತಾರೆ."

"ನಾಯಿ ಸತ್ತು ಬಿದ್ದೈತೆ. ಸತ್ತಿದ್ದು ನನ್ನೇನು ಮಾಡ್ತದೆ?"

ಅಕ್ಕ ಅವರ ಕೈ ಹಿಡಿದು ನಲ್ಲಿಯ ಕಡೆ ಎಳೆದಳು. ಹಾಗೆ ಅವಳು ಎಳೆದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಭಾವ ಎಲ್ಲರ ಎದುರು ಅವಳ ಕೆನ್ನೆಗೆ ಬಾರಿಸಿದರು. ಸೋಪು ಹಾರಿ ಚರಂಡಿಗೆ ಬಿತ್ತು. ಆಮೇಲೆ ತಾವೇ ಒಳಗೆ ಹೋಗಿ ಕಿವಿಗೆ ಸುಣ್ಣ ಅರಿಸಿನ ಮೆತ್ತಿಕೊಂಡರು.

ಸರ್ಕಾರಿ ಆಸ್ಪತ್ರೆಯಲ್ಲಿ ಹುಡುಗಿಯ ಗಾಯದ ಸುತ್ತಲೇ ಮೊದಲು ಔಷಧಿ ಚುಚ್ಚಿದರು, ಆಮೇಲೆ ತೋಳಿಗೆ. ವೈದ್ಯೆ ನನ್ನನ್ನು ಕೇಳಿದರು, "ಬೇರೆ ಯಾರಿಗಾದ್ರೂ ಕಚ್ಚಿದ್ಯಾ?" ನಾನು ಕಿವಿಯ ಗೀರಿನ ವಿಷಯ ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು.

"ಗೀರು ಸಣ್ಣದಾದ್ರೂ ಸಾಕಮ್ಮ. ಜೊಲ್ಲಿನಲ್ಲಿ ವೈರಸ್ ಇರುತ್ತೆ. ಅದು ನರ ಹಿಡ್ಕೊಂಡು ಮೆದುಳಿಗೆ ಹತ್ತುತ್ತೆ. ಕಾಲಿನಿಂದ ದೂರ, ಕಿವಿಯಿಂದ ಹತ್ರ. ಇವತ್ತೇ ಕರ್ಕೊಂಡ್ಬನ್ನಿ. ಮೆದುಳು ಮುಟ್ಟಿದ್ಮೇಲೆ ಯಾರ ಕೈಲೂ ಏನೂ ಮಾಡಕ್ಕಾಗಲ್ಲ."

ಮನೆಗೆ ಬಂದು ಇದನ್ನೇ ಹೇಳಿದೆ. ನನ್ನ ಗಂಡನೂ ಹೇಳಿದ. ಭಾವ ಊಟದ ತಟ್ಟೆಯನ್ನು ಗೋಡೆಗೆ ಎಸೆದರು. ಮತ್ತೆ ಯಾರೂ ಬಾಯಿಬಿಡಲಿಲ್ಲ. ಆ ಹುಡುಗಿ ಮಾತ್ರ ಪ್ರತಿ ಸಲ ಇಂಜೆಕ್ಷನ್‌ಗೆ ಹೊರಡುವಾಗ ಕುಂಟುತ್ತಾ ಬಂದು ಹೊಸ್ತಿಲ ಹೊರಗೆ ನಿಲ್ಲುತ್ತಿದ್ದಳು. "ಅಣ್ಣಾರ, ಒಂದ್ಸಲ ಬರ್ರಿ ನನ್ನ ಜೋಡಿ. ಇರಿವಿ ಕಡದಂಗ ಆಗತೈತಿ, ಅಷ್ಟ." ಅವಳ ಮೇಲೆ ಭಾವ ಯಾಕೋ ರೇಗುತ್ತಿರಲಿಲ್ಲ. "ಓಗು ಓಗು, ಬಸ್ಸು ಓಯ್ತದೆ" ಎಂದು ನಗುತ್ತಿದ್ದರು.

ತಿಂಗಳು ಕಳೆದಿರಬೇಕು. ಭಾವ ಎಡಗಿವಿ ಕೆರೆದುಕೊಳ್ಳಲು ಶುರುಮಾಡಿದರು. ಗಾಯ ಒಣಗಿ ಗುರುತೂ ಇರಲಿಲ್ಲ. ಚರ್ಮ ಸುಲಿಯುವವರೆಗೂ ಕೆರೆದರು. ಜ್ವರ ಬಂತು. ಮರುದಿನ ಬೆಳಿಗ್ಗೆ ಅಕ್ಕ ಕೊಟ್ಟ ಕಾಫಿಯನ್ನು ತುಟಿಗೆ ತಂದವರ ಗಂಟಲು ಹಗ್ಗದಂತೆ ಬಿಗಿದುಕೊಂಡಿತು. ಲೋಟ ಬಾಗಿಲಿಗೆ ಬಡಿಯಿತು. "ಏನಾಕಿದ್ದೀಯೆ ಇದರಾಗೆ?" ಎಂದು ಅರಚಿದರು. ಸೆಕೆಯೆಂದು ನಾನು ಟೇಬಲ್ ಫ್ಯಾನು ಹಾಕಿದೆ. ಗಾಳಿ ಮುಖಕ್ಕೆ ಸೋಕಿದ್ದೇ ತಡ, ಉಸಿರು ಕಟ್ಟಿದವರಂತೆ ಕುತ್ತಿಗೆ ಹಿಂದಕ್ಕೆ ಸೆಟೆದುಹೋಯಿತು. ಮೈ ಸಡಿಲವಾದ ಕೂಡಲೇ ಸ್ಟೂಲು ಎತ್ತಿ ಫ್ಯಾನನ್ನು ಪುಡಿಮಾಡಿದರು.

ಅಕ್ಕ ಒಂದು ಚೊಂಬಿನಲ್ಲಿ ನೀರು ತಂದಳು. ಅದನ್ನು ಕಂಡ ಭಾವನ ಕಣ್ಣಿನಲ್ಲಿ ಹೆದರಿಕೆ ಕಾಣಿಸಿತು. ಅವರಿಗೂ ಹೆದರಿಕೆಯೆಂಬುದು ಇತ್ತು. ನೀರು ತುಳುಕಿದ ಸದ್ದಿಗೇ ಮೈ ಬಿಲ್ಲಿನಂತೆ ಬಾಗಿತು, ಬಾಯಲ್ಲಿ ನೊರೆ ಬಂತು. ಅವರು ತಳ್ಳಿದ ರಭಸಕ್ಕೆ ಅಕ್ಕನ ಹಣೆ ಕಿಟಕಿಯ ಅಂಚಿಗೆ ಹೊಡೆದು ಸೀಳಿತು. ನನ್ನ ಗಂಡ ಮತ್ತು ಮೂವರು ಬಾಡಿಗೆದಾರರು ಹಿಡಿಯಲು ಹೋದರು. ಒಬ್ಬನನ್ನು ಎತ್ತಿ ಕಿಟಕಿಯ ಗಾಜಿಗೆ ಎಸೆದರು. ನನ್ನ ಗಂಡನ ಬೆರಳನ್ನು ಹಿಂದಕ್ಕೆ ಮಡಿಸಿ ಮುರಿದರು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಹೊರಗೆ ಸೇರಿದ್ದವರಲ್ಲಿ ಯಾರೋ, "ಮೈಮೇಲೆ ಬಂದೈತೆ, ಬೇವಿನ ಸೊಪ್ಪು ತನ್ನಿ" ಎಂದು ಕೂಗಿದರು. ಹುಡುಗಿ ಮಾತ್ರ ಬಾಗಿಲಲ್ಲಿ ನಿಂತು, "ಮೈಮ್ಯಾಲಲ್ರಿ, ಅದೇ ನಾಯಿದು. ಆಂಬುಲೆನ್ಸಿಗೆ ಹೇಳ್ರಿ ಅಕ್ಕಾರ" ಎಂದು ನನ್ನ ಕೈ ಜಗ್ಗಿದಳು.

ಸೆಳೆತ ನಿಂತಾಗ ಭಾವನಿಗೆ ಎಲ್ಲವೂ ತಿಳಿಯುತ್ತಿತ್ತು. ಅದೇ ಈ ರೋಗದ ಕ್ರೂರತನ. ಗೋಡೆಗೆ ಒರಗಿ ಕುಳಿತು, ಬೆವರಿಳಿಸುತ್ತಾ, ರಕ್ತ ಸುರಿಯುತ್ತಿದ್ದ ಹೆಂಡತಿಯ ಹಣೆಯನ್ನೇ ನೋಡಿದರು.

"ಅತ್ರ ಬರ್ಬ್ಯಾಡ. ನಾನೇನು ಮಾಡ್ತೀನೋ ನಂಗೇ ಗೊತ್ತಾಗ್ತಿಲ್ಲ. ನನ್ನ ಕಟ್ಟಾಕು."

ಅಕ್ಕ ಟ್ರಂಕಿನಿಂದ ತನ್ನ ಹಳೆಯ ನೂಲಿನ ಸೀರೆಗಳನ್ನು ತೆಗೆದಳು. ಹಗ್ಗ ತಂದ ಗಂಡಸರನ್ನು ಹೊರಗೆ ನಿಲ್ಲಿಸಿ, ತಾನೇ ಕೈಕಾಲು ಕಟ್ಟಿದಳು. ಒಂದೊಂದು ಗಂಟು ಹಾಕುವಾಗಲೂ, "ಬಿಗಿ ಆಯ್ತಾ?" ಎಂದು ಕೇಳಿದಳು. "ಇನ್ನೂ ಬಿಗಿ" ಎಂದರು ಭಾವ.

ಆಸ್ಪತ್ರೆಯಲ್ಲಿ ಕಿಟಕಿಗೆಲ್ಲ ಪರದೆ ಬಿಟ್ಟ ಒಂದು ಕೋಣೆ ಕೊಟ್ಟರು. "ನೋವು ಗೊತ್ತಾಗದ ಹಾಗೆ ನಿದ್ದೆ ಬರಿಸ್ತೀವಿ. ಅಷ್ಟೇ ನಮ್ಮಿಂದ ಆಗೋದು" ಎಂದರು ವೈದ್ಯರು. ಔಷಧಿ ಹತ್ತುವ ಮುಂಚೆ ಭಾವ ಕಣ್ಣುಬಿಟ್ಟು ನನ್ನನ್ನು ಕೇಳಿದರು, "ಆ ಉಡುಗಿ ಕಾಲು ಮಾದೈತಾ?" ಗಾಯ ವಾಸಿಯಾಗಿದೆ ಎಂದೆ. ಎರಡು ದಿನ ತುಂಬುವ ಮೊದಲೇ ಹೋದರು.

ಮಣ್ಣು ಮಾಡಿ ಬಂದ ಗಂಡಸರು ಸ್ನಾನವನ್ನೂ ಮಾಡಲಿಲ್ಲ. ಕಬ್ಬಿಣದ ರಾಡು, ದೊಣ್ಣೆ ಹಿಡಿದು ಬೀದಿಗಿಳಿದರು. ಕಂಡಕಂಡ ನಾಯಿಯನ್ನೆಲ್ಲ ಅಟ್ಟಿಸಿಕೊಂಡು ಹೋಗಿ ಹೊಡೆದರು. ನಮ್ಮ ಮೆಟ್ಟಿಲ ಕೆಳಗೆ ಮಲಗುತ್ತಿದ್ದ ಕಂದು ಹೆಣ್ಣುನಾಯಿ ಓಡಲೂ ಇಲ್ಲ, ಪರಿಚಿತರೆಂದು ಬಾಲ ಅಲ್ಲಾಡಿಸುತ್ತಾ ಎದ್ದು ನಿಂತಿತು. ಅದನ್ನೂ ಹೊಡೆದರು. ನಾಯಿಗಳು ಮುಗಿದ ಮೇಲೆ ಆ ಗುಂಪು ಕೊನೆಯ ಕೋಣೆಯ ಕಡೆ ತಿರುಗಿತು. ಮುಂದೆ ಇದ್ದವನು ನನ್ನ ಗಂಡ.

"ಇವಳಿಂದ್ಲೇ ನಮ್ಮಣ್ಣ ಓದ. ಎಳೀರೋ ಆಚೆಗೆ!"

ಸ್ಟವ್ವು, ಪಾತ್ರೆ, ಬಟ್ಟೆಗಂಟು ಅಂಗಳಕ್ಕೆ ಬಂದು ಬಿದ್ದವು. ಆಮೇಲೆ ನನ್ನ ಗಂಡ ಅವಳ ಜಡೆ ಹಿಡಿದು ಎಳೆದು ತಂದ, ಮುರಿದ ಬೆರಳಿನ ಕೈಯಿಂದಲೇ. "ನಂದೇನು ತಪ್ಪೈತ್ರಿ ಅಕ್ಕಾರ?" ಎಂದು ಅವಳು ನನ್ನನ್ನು ನೋಡಿ ಕಿರುಚಿದಳು. ನಾನು ಅವನ ತೋಳು ಹಿಡಿದು ಜೋತುಬಿದ್ದೆ. ಅವನು ಕೊಡವಿದ ರಭಸಕ್ಕೆ ಹೋಗಿ ತೊಟ್ಟಿಗೆ ಬಡಿದುಕೊಂಡೆ. ಯಾರೋ ಹುಡುಗಿಯ ಬೆನ್ನಿಗೆ ದೊಣ್ಣೆಯಿಂದ ಹೊಡೆದರು.

ಸೂತಕದ ಹೆಂಗಸು ಹೊರಗೆ ಬರಬಾರದೆಂದು ಅಕ್ಕನನ್ನು ಒಳಗೆ ಕೂರಿಸಿದ್ದರು. ಅವಳು ಬಂದಳು. ಹಣೆಯಲ್ಲಿ ಹೊಲಿಗೆ, ಕೆದರಿದ ತಲೆ. ನೇರ ಬಂದು ನನ್ನ ಗಂಡನ ಕೆನ್ನೆಗೆ ಹೊಡೆದಳು. ಅವನು ದಿಗ್ಭ್ರಮೆಯಿಂದ ನೋಡುತ್ತಿರುವಾಗ ಮತ್ತೊಂದು ಹೊಡೆದಳು.

"ನಿಮ್ಮಣ್ಣ ಸಾಯೋವಾಗ ಇವಳ ಕಾಲು ಮಾದೈತಾ ಅಂತ ಕೇಳ್ದ. ನನ್ನ ವಿಷ್ಯ ಕೇಳ್ಲಿಲ್ಲ, ನಿನ್ನ ವಿಷ್ಯ ಕೇಳ್ಲಿಲ್ಲ. ಅವನು ಉಳಿಸಿದ ಜೀವಾನ ನೀನು ತೆಗೀತೀಯಾ? ಬಾ, ತೆಗಿ ನೋಡಾನ. ನನ್ನ ಮೊದ್ಲು ಒಡಿ."

ದೊಣ್ಣೆಗಳು ಒಂದೊಂದಾಗಿ ಕೆಳಗಿಳಿದವು. ಅಕ್ಕ ಕುಳಿತು, ಚೆಲ್ಲಿದ್ದ ಪಾತ್ರೆಗಳನ್ನು ಆರಿಸತೊಡಗಿದಳು. ನನ್ನ ಗಂಡ ಅಂಗಳದ ಮಧ್ಯೆ ಮಗುವಿನಂತೆ ಅತ್ತ. ನನಗೆ ಅವನನ್ನು ಸಮಾಧಾನ ಮಾಡಬೇಕೆನ್ನಿಸಲಿಲ್ಲ. ಆ ವರ್ಷವೆಲ್ಲ ಅವನ ಕೈ ನನ್ನ ಹೆಗಲ ಮೇಲೆ ಬಿದ್ದಾಗ ನನಗೆ ಆ ಜಡೆಯೇ ನೆನಪಾಗುತ್ತಿತ್ತು.

ಹುಡುಗಿ ಎಲ್ಲೂ ಹೋಗಲಿಲ್ಲ. ಆ ಕೊನೆಯ ಕೋಣೆಯಿಂದಲೇ ಮುಂದೆ ಅವಳ ಮದುವೆಯಾಯಿತು, ಅಕ್ಕನೇ ನಿಂತು ಮಾಡಿಸಿದಳು. ಬಾಡಿಗೆ ಕೋಣೆಗಳ ಕಾರುಬಾರೂ ಅಕ್ಕನ ಕೈಗೆ ಬಂತು. ಅವಳು ಯಾರ ಮೇಲೂ ದನಿ ಏರಿಸಲಿಲ್ಲ, ಆದರೂ ಎಲ್ಲರೂ ಹೇಳಿದಂತೆ ಕೇಳುತ್ತಿದ್ದರು.

ಅದೆಲ್ಲ ಆಗುವ ಮೊದಲು, ಭಾವ ಹೋದ ಹೊಸತರಲ್ಲಿ, ನಮ್ಮದೊಂದು ಕೆಲಸವಿತ್ತು. ಭಾವನ ಜೊಲ್ಲು ನಮ್ಮ ಗಾಯಕ್ಕೋ ಕಣ್ಣು ಬಾಯಿಗೋ ತಾಕಿರಬಹುದೆಂದು ವೈದ್ಯರು ಹೇಳಿದ್ದರಿಂದ ನಾವೂ ಇಂಜೆಕ್ಷನ್ ಹಾಕಿಸಿಕೊಳ್ಳಬೇಕಾಯಿತು. ನಾನು, ಅಕ್ಕ, ಬೆರಳಿಗೆ ಪಟ್ಟಿ ಕಟ್ಟಿಕೊಂಡು ಬಸ್ಸಿನ ಹಿಂದಿನ ಸೀಟಿನಲ್ಲಿ ಒಬ್ಬನೇ ಕೂರುತ್ತಿದ್ದ ನನ್ನ ಗಂಡ. ಒಂದು ಸಲ ಹಾಗೆ ಹೋಗುವಾಗ, ಸೇತುವೆ ಕೆಲಸಕ್ಕಾಗಿ ಅಗೆದ ರಸ್ತೆಯಲ್ಲಿ ಬಸ್ಸು ನಿಂತೇಬಿಟ್ಟಿತ್ತು. ಕಿಟಕಿಯ ಪಕ್ಕ ಕುಳಿತಿದ್ದ ಅಕ್ಕ ಧೂಳಿಗೆ ಸೆರಗು ಮುಚ್ಚಿಕೊಂಡಿದ್ದಳು. ಇದ್ದಕ್ಕಿದ್ದಂತೆ ಹೇಳಿದಳು:

"ನಿದ್ದೆ ಬತ್ತದೆ ಕಣೆ."

ನನಗೆ ಅರ್ಥವಾಗಲಿಲ್ಲ.

"ಅವರು ಓದ್ಮೇಲೆ ನಿದ್ದೇನೇ ಬರಲ್ಲ ಅಂದ್ಕೊಂಡಿದ್ದೆ. ತಲೆ ಇಟ್ಟ ತಕ್ಷಣ ಬತ್ತದೆ. ಬೆಳಗಾನ ಎಚ್ಚರಾನೇ ಇಲ್ಲ. ಮದ್ವೆ ಆದಾಗಿಂದ ಇಂಗೆ ಮಲಗಿರ್ಲಿಲ್ಲ ನಾನು."

ಅಲ್ಲಿಯವರೆಗೆ ಅವಳು ಅತ್ತಿರಲಿಲ್ಲ, ಆಸ್ಪತ್ರೆಯಲ್ಲೂ, ಮಣ್ಣಿನ ದಿನವೂ. ಈಗ ಸೆರಗಿನಲ್ಲಿ ಮುಖ ಹುದುಗಿಸಿ, ಎದುರಿನ ಸೀಟಿನ ಕಂಬಿಗೆ ಹಣೆಯಿಟ್ಟು, ಸುತ್ತಲಿನವರು ತಿರುಗಿ ನೋಡುವಷ್ಟು ಜೋರಾಗಿ ಅತ್ತಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟು ಕುಳಿತೆ. ಬಸ್ಸು ಹೊರಟಿತು.